ಹಿತ್ತಲ ಬಾಗಿಲಿಲ್ಲದ ಇಂಗ್ಲಿಷ್ ಮನೆ

ದಾವಣಗೆರೆಯಲ್ಲಿ ಯಾರೂ ಕಟ್ಟದಂಥ ಮನೆಯೊಂದನ್ನು ನಾನು ಕಟ್ಟಿಯೇ ತೀರುತ್ತೇನೆ! ಹೀಗೆಂದು ನಾನು ಪ್ರತಿಜ್ಞೆ ಮಾಡಿದ್ದು ಸಾವಿರದ ಒಂಬೈನೂರ ಐವತ್ತೆಂಟರ ಒಂದು ಶನಿವಾರ ಸಂಜೆ, ಅರ್ಧ ಸೇರು ಒಣಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡು. ಪ್ರತಿಜ್ಞೆ ನೆರವೇರಿತು. ಅಂಥ ಮನೆಯನ್ನು ನನಗಿಂತ ಮೊದಲು ಯಾರೂ ಕಟ್ಟಿರಲಿಲ್ಲ. ನನ್ನ ಮನೆಯನ್ನು ನೋಡಿದ ಮೇಲೆ ಯಾರೂ ಕಟ್ಟಲೂ ಇಲ್ಲ!

ಆ ದಿನ ಹತ್ತಿ ಗಿರಣಿಯ ಕಚೇರಿ ಮುಗಿಸಿ (ಅಲ್ಲಿ ನಾನು ಹೆಡ್ ಗುಮಾಸ್ತ) ಮಂಡಿಪೇಟೆಗೆ ಹೋಗಿ ಬೆಲ್ಲ, ಅರಿಶಿನ, ಮೆಣಸಿನಕಾಯಿ ತಂದಿದ್ದೆ. ಬೆಲ್ಲ, ಅರಿಶಿನದ ಪೊಟ್ಟಣಗಳನ್ನು ನನ್ನ ಹೆಂಡತಿ ಸರ್ವಮಂಗಳಮ್ಮ ಒಳಗೆ ಒಯ್ದಳು. ಮೆಣಸಿನಕಾಯಿಯ ಪೊಟ್ಟಣ ನನ್ನ ಕೈಯಲ್ಲೇ ಬಿಚ್ಚಿಕೊಂಡಿತು. ನೋಡುತ್ತೇನೆ, ಕಟ್ಟಿದ್ದ ಕಾಗದ ದಪ್ಪನೆಯ ನುಣುಪು ಹಾಳೆ! ಅದರ ತುಂಬ ಒಂದು ಚಿತ್ರ! ಇಂಗ್ಲೆಂಡಿನ ಯಾವುದೋ ಊರಿನ ಬೀದಿ. ಇನ್ನೂರು ವರ್ಷದ ಹಳೆಯ ಮನೆಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಒಂದರ ಪಕ್ಕದ ಗೋಡೆಯೇ ಮುಂದಿನದರ ಗೋಡೆ. ಕೆಳಗೆ 'ಟೆರೇಸ್ ಹೌಸ್' ಎಂದು ಬರೆದಿತ್ತು. ನಮ್ಮಲ್ಲಿ ಟೆರೇಸು ಎಂದರೆ ಹಪ್ಪಳ ಒಣಗಿಸುವ ಮಾಳಿಗೆ. ಅವರಲ್ಲಿ ಹೀಗೆ ಸಾಲಾಗಿ ಅಂಟಿಕೊಂಡ ಮನೆಗಳಿಗೆ ಆ ಹೆಸರು ಎಂದು ಅದೇ ಹಾಳೆಯಲ್ಲಿ ಓದಿ ತಿಳಿದುಕೊಂಡೆ.

ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿ ಅಂಗಡಿಗೆ ಓಡಿದೆ. ಹರಿಹರದಲ್ಲಿ ಬಂಗಲೆ ಖಾಲಿ ಮಾಡಿದ ಬಿಳಿ ದೊರೆಯೊಬ್ಬ ರದ್ದಿಗೆ ಹಾಕಿದ ಪುಸ್ತಕವಂತೆ ಅದು. ಉಳಿದ ಹಾಳೆಗಳನ್ನೆಲ್ಲ ಕಟ್ಟು ಕಟ್ಟಿ ಕೊಡುತ್ತ ಅಂಗಡಿಯವನು, "ಒಂಬತ್ತು ಹಾಳಿ ಹೋಗ್ಯಾವ್ರೀ. ಯಾರ ಮನೆಗೆ ಏನು ಕಟ್ಟಿಕೊಟ್ನೋ ನೆನಪಿಲ್ಲ" ಎಂದ.

"ಒಂಬತ್ತು ಹಾಳಿ ಹೋದ್ರೆ ಹೋಗ್ಲಿ ಬಿಡು, ಮನೆಯೇನು ಬಿದ್ದು ಹೋಗಲ್ಲ!" ಎಂದೆ ನಾನು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಿಟ್ಟುವಳ್ಳಿಯಲ್ಲಿ ನಮ್ಮದೊಂದು ನಿವೇಶನವಿತ್ತು. ಆಗ ನಿಟ್ಟುವಳ್ಳಿ ಇನ್ನೂ ಹಳ್ಳಿ; ನಿವೇಶನದ ಅತ್ತ ಜೋಳದ ಹೊಲ, ಇತ್ತ ಜೋಳದ ಹೊಲ. ಭಾನುವಾರವಿಡೀ ಹಾಳೆಗಳನ್ನು ಪಡಸಾಲೆಯಲ್ಲಿ ಹರವಿಕೊಂಡು ಹೆಂಡತಿಗೆ ಪಾಠ ಮಾಡಿದೆ.

"ನೋಡೇ ಮಂಗಳಾ, ಬಾಗಿಲ ಮ್ಯಾಲೆ ಅರ್ಧಚಂದ್ರದ ಗಾಜು! ಈ ಕಿಟಕಿ ನೋಡು, ಮ್ಯಾಲಕ್ಕೆ ಕೆಳಕ್ಕೆ ಜಾರ್ತೈತೆ. ಚೌಕಟ್ಟಿನ ಒಳಗೆ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಗುಂಡು!"

"ಬಾವಿ ಇದ್ದಂಗೈತೆ" ಎಂದಳು ಮಂಗಳಾ. "ಇದೇನ್ರಿ, ಗೋಡ್ಯಾಗ ಗೂಡು?"

"ಅದು ಬೆಂಕಿಗೂಡು! ಚಳಿಗಾಲದಾಗ ಕೆಂಡ ಹಾಕಿ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ಕಳಾದು. ಬಂದೋರನ್ನ ಕೂಡ್ರಿಸೋ ದೊಡ್ಡ ಕೋಣೆ ಮಹಡಿ ಮ್ಯಾಲೈತೆ, ಅಲ್ಲಿ."

"ದಾವಣಗೆರ್ಯಾಗ ಬೆಂಕಿ ಕಾಸಾಕೆ ಮಹಡಿ ಹತ್ತಬೇಕಾ? ಕಂಬಳಿ ಇಲ್ವಾ?"

ಇಂಗ್ಲಿಷ್ ವಾಸ್ತುಶಿಲ್ಪದ ಮುಂದೆ ಕಂಬಳಿಯ ಮಾತು! ನಾನು ಕ್ಷಮಿಸಿದೆ. ಆಕೆ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ ಕೇಳಿದಳು:

"ಎಲ್ಲಾ ಸರಿ. ಕಟ್ಟೆ ಎಲ್ಲೈತೆ?"

ಕಟ್ಟೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮನೆಯ ಮುಂದಿನ ಆ ಕಲ್ಲು ಜಗಲಿಯ ಮೇಲೆ ಹೆಂಗಸರು ಸಂಜೆ ಅಕ್ಕಿ ಆರಿಸುತ್ತಾರೆ, ಅಕ್ಕಿಯ ಜೊತೆಗೆ ಊರನ್ನೂ ಆರಿಸುತ್ತಾರೆ. ನಾವಿದ್ದ ಬಾಡಿಗೆ ಮನೆಗೆ ಕಟ್ಟೆ ಇರಲಿಲ್ಲ. ಹನ್ನೊಂದು ವರ್ಷದಿಂದ ಮಂಗಳಾ ಹೊಸ ಮನೆಯ ವಿಷಯ ಬಂದಾಗಲೆಲ್ಲ ಕೇಳಿದ್ದು ಅದೊಂದನ್ನೇ.

"ಇಂಗ್ಲಿಷ್ ಮನೆ ಮುಂದೆ ಕಟ್ಟೆ ಇರಲ್ಲ" ಎಂದೆ.

"ನನಗೆ ಬೇಕು."

"ಈ ಶಿವಯೋಗಪ್ಪ ಬದುಕಿರೋತನಕ ಆ ಮನೆ ಮುಂದೆ ಕಟ್ಟೆ ಬರಲ್ಲ!"

"ಹಂಗಾದ್ರೆ ಕೇಳ್ರಿ. ಗೃಹಪ್ರವೇಶಕ್ಕೆ ಬರ್ತೀನಿ, ಹಾಲು ಉಕ್ಕಿಸ್ತೀನಿ. ಸಂಸಾರಕ್ಕೆ ಮಾತ್ರ ಬರಲ್ಲ. ಅವತ್ತೇ ಹರಿಹರದ ಬಂಡಿ ಹತ್ತಿ ಅಪ್ಪನ ಮನೆಗೆ ಹೋಗ್ತೀನಿ. ಅಲ್ಲಿ ಹದಿನೆಂಟು ಅಡಿ ಕಟ್ಟೆ ಐತೆ."

ಹೆಂಗಸರು ಹಾಗೆ ಹೇಳುತ್ತಲೇ ಇರುತ್ತಾರೆ ಎಂದುಕೊಂಡೆ. ಹೇಳಿದ ಹಾಗೆ ಮಾಡುವ ಹೆಂಗಸು ಯಾರ ಮನೆಯಲ್ಲಿದ್ದಾಳೆ ಎಂಬುದನ್ನು ಮಾತ್ರ ಮರೆತಿದ್ದೆ.

ಗಾರೆ ಕೆಲಸಕ್ಕೆ ಖುದ್ದೂಸ್ ಮೇಸ್ತ್ರಿಯನ್ನು ಗೊತ್ತು ಮಾಡಿದೆ. ನಲವತ್ತು ವರ್ಷ ಮನೆ ಕಟ್ಟಿದ ಕೈ. ಹಾಳೆಗಳನ್ನು ನೋಡಿ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ.

"ಸಾಹೇಬ್ರೆ, ಆ ಕಡೆ ಈ ಕಡೆ ಗೋಡೆಗೆ ಕಿಟಕಿ ಇಲ್ಲ."

"ಅಕ್ಕಪಕ್ಕ ಮನೆ ಅಂಟ್ಕಂಡಿರ್ತಾವಲ್ಲ, ಕಿಟಕಿ ಎಲ್ಲಿಂದ ಬರಬೇಕು?"

"ಇಲ್ಲಿ ಜೋಳ ಅಂಟ್ಕಂಡೈತೆ."

"ಮುಂದೆ ಮನೆ ಬರ್ತಾವೆ! ನಮ್ಮದು ನೋಡಿ ಸಾಲಾಗಿ ಎಲ್ರೂ ಕಟ್ತಾರೆ!"

"ಆಯ್ತು. ಹಿತ್ತಲ ಬಾಗಿಲು ಎಲ್ಲಿ ಬಿಡಲಿ?"

ನಾನು ಹಾಳೆಗಳನ್ನೆಲ್ಲ ಹುಡುಕಿದೆ. ಮುಂಬಾಗಿಲ ಚಿತ್ರ ಆರಿದ್ದವು. ಬಾಗಿಲು ಬಡಿಯುವ ಸಿಂಹಮುಖದ ಹಿತ್ತಾಳೆ ಬಳೆಗೇ ಒಂದು ಇಡೀ ಪುಟವಿತ್ತು. ಹಿತ್ತಲ ಬಾಗಿಲಿನ ಸುದ್ದಿಯೇ ಇಲ್ಲ! ಊಟ ತಂದಿದ್ದ ಮಂಗಳಾ ಅಲ್ಲೇ ನಿಂತಿದ್ದಳು.

"ಹಿತ್ತಲ ಬಾಗಿಲಿಲ್ಲದ ಮನೆ ಇರತೈತೇನ್ರಿ?" ಎಂದಳು.

"ಇಂಗ್ಲಿಷ್ ಮನೆ ಬಗ್ಗೆ ನಿನಗೇನು ಗೊತ್ತು? ಪುಸ್ತಕದಾಗ ಇದ್ರೆ ತಂದು ತೋರಿಸು, ನಾಳೆನೇ ಇಡಿಸ್ತೀನಿ!"

ಮಂಗಳಾ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಬುತ್ತಿ ಗಂಟು ಬಿಚ್ಚುತ್ತ, "ಊಟ ಮಾಡ್ರಿ, ರೊಟ್ಟಿ ಆರ್ತಾವೆ" ಎಂದಳು. ಗೆದ್ದೆ ಎಂದು ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹದಿನಾಲ್ಕು ತಿಂಗಳಲ್ಲಿ ಮನೆ ಎದ್ದು ನಿಂತಿತು. ಜೋಳದ ಹೊಲಗಳ ನಡುವೆ ಹದಿನಾರು ಅಡಿ ಅಗಲ, ಎರಡು ಅಂತಸ್ತು, ಎಡಕ್ಕೆ ಬಲಕ್ಕೆ ಬೋಳು ಗೋಡೆ! ಬೊಚ್ಚು ಬಾಯಲ್ಲಿ ಉಳಿದ ಒಂದೇ ಹಲ್ಲಿನ ಹಾಗೆ ಕಾಣುತ್ತದೆ ಎಂದು ಆಗದವರು ಆಡಿಕೊಂಡರು. ಕಿಟಕಿಯಿಲ್ಲದ ಗೋಡೆಗಳನ್ನು ಕಂಡು ಸಂತೋಷಪಟ್ಟವರೆಂದರೆ ನಿಟ್ಟುವಳ್ಳಿಯ ಹೆಂಗಸರು. ವಾರದೊಳಗೆ ಎರಡೂ ಗೋಡೆಗೆ ಆಳೆತ್ತರ ಸಗಣಿಯ ಕುಳ್ಳು ತಟ್ಟಿದ್ದರು.

ಹರಿಹರದಿಂದ ಮಾವ ಕೆಂಚವೀರಪ್ಪನವರು ಮನೆ ನೋಡಲು ಬಂದರು. ಅಕ್ಕಿ ಗಿರಣಿಯ ಯಜಮಾನರು, ತಲೆಗೆ ಜರಿ ರುಮಾಲು. ಮುಂಬಾಗಿಲಿಗೆ ನಾನು ಪುಸ್ತಕದಲ್ಲಿದ್ದಂತೆ ಕಪ್ಪು ಬಣ್ಣ ಹೊಡೆಸಿದ್ದೆ.

"ಅಳಿಯಂದ್ರೇ, ಬಾಗಿಲಿಗೆ ಟಾರು ಯಾಕ ಬಳಿಸೀರಿ?"

"ಟಾರಲ್ಲ ಮಾವಾ, ಇಂಗ್ಲಿಷ್ ಬಣ್ಣ!"

ಒಳಗೆ ಬಂದರು. ಮೂರಡಿ ಅಗಲದ ಓಣಿ. ಅದರ ಕೊನೆಗೆ ಎದುರಿಗೆ ಮಹಡಿಯ ಮೆಟ್ಟಿಲು, ಬಲಕ್ಕೆ ಅಡುಗೆ ಮನೆಗೆ ಹೋಗುವ ಎರಡಡಿ ಬಾಗಿಲು. ಮಾವ ಭುಜ ಓರೆ ಮಾಡಿಕೊಂಡು ನಡೆದು ಮಹಡಿ ಹತ್ತಿದರು. ಎಲೆಅಡಿಕೆ ಉಗುಳಲೆಂದು ಜಾರುಕಿಟಕಿ ಎತ್ತಿ ತಲೆ ಹೊರಗೆ ಹಾಕಿದರು. ಒಳಗಿನ ಹಗ್ಗ ಜಾರಿತು! ಕಿಟಕಿ ಧಡಾರನೆ ಇಳಿಯಿತು! ದೇವರ ದಯೆ, ಮಾವ ತಲೆ ಹಿಂದಕ್ಕೆ ಎಳೆದುಕೊಂಡರು. ತಲೆ ಒಳಗೆ ಉಳಿಯಿತು, ರುಮಾಲು ಹೊರಗೆ ಬಿತ್ತು.

"ಹೆಂಗೈತೆ ಮಾವಾ ಮನೆ?" ಎಂದೆ.

ಮಾವ ಬೋಳುತಲೆ ಸವರಿಕೊಂಡು ಹೇಳಿದರು: "ಮನೆ ಚಲೋ ಐತೆ. ಮನುಷ್ಯರು ಇರದಿದ್ರೆ ಇನ್ನೂ ಚಲೋ ಇರತೈತೆ."

ವೈಶಾಖದ ಒಂದು ಸೋಮವಾರ ಗೃಹಪ್ರವೇಶ. ನಮ್ಮಲ್ಲಿ ಹೊಸ ಮನೆಗೆ ಮೊದಲು ಕಾಲಿಡುವುದು ಕರುವಿನ ಜೊತೆ ಆಕಳು. ಮುಂಬಾಗಿಲಿನಿಂದ ಬಂದು, ಮನೆಯೆಲ್ಲ ಹಾಯ್ದು, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುವುದು ವಾಡಿಕೆ. ಈ ಕೊನೆಯ ಭಾಗವನ್ನು ನಾನು ಯೋಚಿಸಿರಲಿಲ್ಲ. ಗಿರಣಿಯ ಲೆಕ್ಕದಲ್ಲಿ ಒಂದು ಕಾಸು ಹೆಚ್ಚುಕಡಿಮೆಯಾದರೂ ಹಿಡಿಯುವ ನನ್ನ ತಲೆಗೆ ಇಡೀ ಆಕಳು ಹೊಳೆಯಲಿಲ್ಲ!

ಆಕಳು ಹುಲಿಗೆಮ್ಮನದು. ನಿಟ್ಟುವಳ್ಳಿಯ ಅರ್ಧ ಊರಿಗೆ ಹಾಲು ಹಾಕಿ ಬದುಕುವ ಹೆಂಗಸು ಆಕೆ. ಆಕಳ ಹೆಸರು ಗೌರಿ. ಕೋಡಿಗೆ ಹೂವು, ಹಣೆಗೆ ಕುಂಕುಮ, ಬೆನ್ನಿಗೆ ಮಂಗಳಾಳ ಹಸಿರು ಕುಬುಸದ ಕಣ. ಅಯ್ಯನವರು ಮಂತ್ರ ಹೇಳಿದರು. ಕರು ಮುಂದೆ, ಗೌರಿ ಹಿಂದೆ, ಅವಳ ಹಿಂದೆ ಅಯ್ಯನವರು, ಅವರ ಹಿಂದೆ ಕಳಸ ಹಿಡಿದ ಹೆಂಗಸರು, ಅವರ ಹಿಂದೆ ಕರೆದವರು, ಕರೆಯದವರು ಎಲ್ಲ ಆ ಮೂರಡಿ ಓಣಿಗೆ ನುಗ್ಗಿದರು. ಗೌರಿ ಓಣಿಯ ಕೊನೆ ಮುಟ್ಟಿ ನಿಂತಳು. ಮುಂದೆ ದಾರಿಯಿಲ್ಲ. ತಿರುಗೋಣವೆಂದರೆ ಎರಡೂ ಪಕ್ಕೆಗೆ ಗೋಡೆ. ಹಿಂದಕ್ಕೆ ಸರಿಯೋಣವೆಂದರೆ ಅರವತ್ತು ಜನ!

ಆ ಹೊತ್ತಿಗೆ ಸರಿಯಾಗಿ ಹೊರಗೆ ಡೊಳ್ಳು ಬಾರಿಸಿದರು. ಕರು ಬೆದರಿ ಛಂಗನೆ ಮೆಟ್ಟಿಲು ಹತ್ತಿತು. ಗೌರಿ "ಅಂಬಾ!" ಎಂದಳು. ನೋಡನೋಡುತ್ತಿದ್ದಂತೆ ಒಂದು ಮೆಟ್ಟಿಲು, ಎರಡು, ನಾಲ್ಕು, ಹತ್ತು! ಹದಿನೇಳು ಮೆಟ್ಟಿಲನ್ನೂ ಹತ್ತಿ, ಬಂದವರನ್ನು ಕೂಡಿಸುವ ನನ್ನ ಇಂಗ್ಲಿಷ್ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು.

ಕೆಳಗೆ ಹಾಲು ಉಕ್ಕಿತು. ಉಕ್ಕಿದ್ದನ್ನು ಮಂಗಳಾ ಒಬ್ಬಳೇ ನೋಡಿದಳು. ಉಳಿದವರೆಲ್ಲ ಮಹಡಿಯ ಮೇಲಿದ್ದರು.

ಹತ್ತಿದ್ದು ಸುಲಭವಾಯಿತು. ಇಳಿಯಬೇಕಲ್ಲ! ಗೌರಿ ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡುವಳು, ನಾಲ್ಕೂ ಕಾಲು ಊರಿ ನಿಲ್ಲುವಳು, ತಿರುಗಿ ಕೋಣೆಗೆ ಹೋಗುವಳು. ಹಸಿ ಹುಲ್ಲು ತೋರಿಸಿದೆವು. ಕತ್ತು ಉದ್ದ ಮಾಡಿ ಹುಲ್ಲು ತಿಂದಳು, ಕಾಲು ಮುಂದಿಡಲಿಲ್ಲ. ಕರುವನ್ನು ಹೊತ್ತು ಕೆಳಗೆ ಇಳಿಸಿದೆವು. ಕೆಳಗೆ ಕರು ಕೂಗಿತು, ಮೇಲೆ ಆಕಳು ಕೂಗಿತು, ಕೇಳಲಾರದೆ ಕರುವನ್ನು ಮತ್ತೆ ಮೇಲಕ್ಕೆ ಹೊತ್ತೆವು. ಕೊನೆಗೆ ನಾನೇ ಹಿಂದಿನಿಂದ ತಳ್ಳಿದೆ. ಗೌರಿ ಒಂದು ಹಿಂಗಾಲು ಎತ್ತಿದಳು. ತಳ್ಳುವ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡೆ.

"ಶಿವಯೋಗಪ್ಪನೋರೆ, ಗೋವು ಮನೆಗೆ ಬಂದದ್ದು ಶುಭ" ಎಂದರು ಅಯ್ಯನವರು ದಕ್ಷಿಣೆ ಗಂಟು ಹಾಕಿಕೊಳ್ಳುತ್ತ. "ಬಂದದ್ದು ಹೋಗಲೇಬೇಕು ಅಂತ ಎಲ್ಲೂ ಹೇಳಿಲ್ಲ."

ಹುಲಿಗೆಮ್ಮ ಕೋಣೆಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. "ಯಜಮಾನ್ರೆ, ನನ್ನ ಗೌರಿ ಇಳಿಯೋತನಕ ನಾನೂ ಇಳಿಯಲ್ಲ. ನನ್ನ ಬದುಕೇ ಇದು. ಇದಕ್ಕೇನಾರ ಆದ್ರೆ ನಾನು ಬಾಯಿಗೆ ಮಣ್ಣು ಹಾಕ್ಕಾಬೇಕು" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಸಂಜೆ ಮಂಗಳಾ ಟ್ರಂಕು ಹಿಡಿದು ಅಪ್ಪನ ಜೊತೆ ಹೊರಟು ನಿಂತಳು.

"ಏ, ಇಂಥಾ ಹೊತ್ತಿನಾಗ ನನ್ನೊಬ್ಬನ್ನೇ ಬಿಟ್ಟು ಹೋಗ್ತೀಯಾ?"

"ಒಬ್ರೇ ಅಂತ ಯಾಕ ಅನ್ಕಾತೀರಿ? ಮನೆತುಂಬ ಜನ ಐತೆ. ಹುಲಿಗೆಮ್ಮ ಅದಾಳೆ, ಗೌರಿ ಅದಾಳೆ. ಕಟ್ಟೆ ಇಲ್ಲ, ನಾನೊಬ್ಬಳು ಇಲ್ಲ." ಹೋದಳು!

ಮುಂದಿನ ಮೂರು ದಿನ ನಾನು ಬದುಕಿದ್ದು ಹೇಗೆಂದು ಕೇಳಬೇಡಿ. ಬೆಳಿಗ್ಗೆ ಐದಕ್ಕೆ ಸಿಂಹಮುಖದ ಬಳೆ ಢಣಢಣ ಬಡಿಯುತ್ತಿತ್ತು. ಬಾಗಿಲು ತೆರೆದರೆ ಹಾಲಿಗೆ ಬಂದ ನಿಟ್ಟುವಳ್ಳಿಯ ಹೆಂಗಸರು! ಚೊಂಬು ಹಿಡಿದು ಸಾಲಾಗಿ ಮಹಡಿ ಹತ್ತುವರು. ನನ್ನ ಇಂಗ್ಲಿಷ್ ಕೋಣೆಗೆ ಬಂದ ಮೊದಲ ಅತಿಥಿಗಳು ಅವರೇ. ಕೆತ್ತನೆಯ ಕಲ್ಲು ಕೂಡಿಸಿ ಮಾಡಿಸಿದ ಬೆಂಕಿಗೂಡಿಗೆ ಹುಲಿಗೆಮ್ಮ ಹುಲ್ಲು ತುಂಬಿದಳು. "ಗ್ವಾದಲಿ ಬೋ ಚೆನ್ನಾಗಿ ಕಟ್ಟಿಸೀರಿ ಯಜಮಾನ್ರೆ, ಗೌರಿ ಕತ್ತಿಗೆ ಸರಿಯಾಗೈತೆ!" ಎಂದು ಹೊಗಳಿದಳು. ಹೊರಗಿನ ಗೋಡೆಯಲ್ಲಿ ಜಾಗ ಮುಗಿದಿದ್ದರಿಂದ ಒಳಗಿನ ಗೋಡೆಗೂ ಕುಳ್ಳು ತಟ್ಟಿದಳು. ಗಿರಣಿಯಲ್ಲಿ ಸಾಹೇಬರು ಮೂಗು ಮುಚ್ಚಿಕೊಂಡು, "ಹೆಡ್ ಗುಮಾಸ್ತರೆ, ಎರಡು ದಿನ ರಜಾ ತಗೊಳ್ಳಿ" ಎಂದರು. ಹನ್ನೆರಡು ವರ್ಷದಲ್ಲಿ ಕೇಳದೆ ರಜಾ ಸಿಕ್ಕಿದ್ದು ಅದೊಂದೇ ಸಲ!

ಗುರುವಾರ ಬೆಳಗಿನ ರೈಲು ಹತ್ತಿ ಹರಿಹರಕ್ಕೆ ಹೋದೆ. ಮಂಗಳಾ ಹದಿನೆಂಟು ಅಡಿ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು.

"ಬಿಸಿಲಾಗ ನಿಂತೀರಲ್ಲ, ಕೂತ್ಕಳ್ರಿ" ಎಂದಳು, ತಲೆ ಎತ್ತದೆ.

ಕೂರಲು ಕಟ್ಟೆಯೊಂದೇ ಇತ್ತು. ಅಭಿಮಾನ ಅಡ್ಡ ಬಂತು. ಕಾಲು ಸುಟ್ಟಿತು. ಕೂತೆ. ಕಲ್ಲು ತಣ್ಣಗಿತ್ತು. ಮೂರು ದಿನದ ಮೇಲೆ ಸಗಣಿ ವಾಸನೆ ಇಲ್ಲದ ಗಾಳಿ ಕುಡಿದು ನನಗೆ ಅಳುವೇ ಬಂತು.

"ಮಂಗಳಾ, ಆಕಳು ಇಳೀವಲ್ದು. ಹುಲಿಗೆಮ್ಮ ಅಳ್ತಾಳೆ. ನಾನೂ ಅಳಾದು ಬಾಕಿ."

ಆಕೆ ಮೊರ ಕೆಳಗಿಟ್ಟಳು. "ಅಪ್ಪನ ಗಿರಣ್ಯಾಗ ಚೀಲ ಹೇರಿದ ಗಾಡಿ ಉಗ್ರಾಣದ ಅಟ್ಟಕ್ಕೆ ಹೆಂಗೆ ಹೋಗ್ತಾವೆ?"

"ಮಣ್ಣಿನ ಏರಿ ಐತಲ್ಲ, ಅದರ ಮ್ಯಾಲೆ."

"ಎತ್ತು ಇಳಿಯಾದು?"

"ಅದೇ ಏರಿ ಮ್ಯಾಲೆ."

"ದನಕ್ಕೆ ಮೆಟ್ಲು ಗೊತ್ತಿಲ್ಲ, ಇಳಿಜಾರು ಗೊತ್ತೈತೆ. ಮಹಡಿ ಕಿಟಕಿ ಕಿತ್ತು, ಅಲ್ಲಿಂದ ಬೀದಿಗೆ ಏರಿ ಹಾಕಿಸ್ರಿ. ನಡೀರಿ, ನಾನೂ ಬರ್ತೀನಿ. ಗೌರಿ ಇಳಿಯೋತನಕ ಅಷ್ಟೇ ಮತ್ತೆ."

ಹೆಡ್ ಗುಮಾಸ್ತನಿಗೆ ಮೂರು ದಿನದಲ್ಲಿ ಹೊಳೆಯದ್ದು ಆಕೆಗೆ ಮೊರ ಕೆಳಗಿಡುವಷ್ಟರಲ್ಲಿ ಹೊಳೆದಿತ್ತು!

ಕಲ್ಲು, ಮಣ್ಣು ಹೇರಲು ಮಾವ ಹದಿನೈದು ಗಾಡಿ ಕಳಿಸಿದರು. ಖುದ್ದೂಸ್ ಮೇಸ್ತ್ರಿ ಜಾರುಕಿಟಕಿಯ ಮುಂದೆ ಹಾರೆ ಹಿಡಿದು ನಿಂತು, "ನನ್ನ ಕೈಯಾರ ಕೂಡ್ರಿಸಿದ್ದು ಸಾಹೇಬ್ರೆ, ನೀವೇ ಕೀಳ್ರಿ" ಎಂದ. ಹಗ್ಗ, ಗುಂಡು, ಗಾಜು, ಇಂಗ್ಲೆಂಡು ಎಲ್ಲವನ್ನೂ ನಾನೇ ಕಿತ್ತೆ. ಕಿಟಕಿಯ ಎರಡೂ ಬದಿಯ ಗೋಡೆಯನ್ನು ಅಡಿ ಅಡಿ ಒಡೆದು ಕಿಂಡಿ ಅಗಲ ಮಾಡಿದರು. ಕೆಳಗೆ ಕಲ್ಲು ಬಿತ್ತು, ಮಣ್ಣು ಬಿತ್ತು, ದಮ್ಮಸು ಬಿತ್ತು. ಮಂಗಳಾ ಸೆರಗು ಸಿಕ್ಕಿಸಿಕೊಂಡು ಮೇಸ್ತ್ರಿಯ ಪಕ್ಕದಲ್ಲೇ ನಿಂತು ಅಡಿಪಾಯದಿಂದ ಕೆಲಸ ಮಾಡಿಸಿದಳು. ನನ್ನ ಮನೆಯ ಮೇಲೆ ಆಕೆಗೆ ಇಷ್ಟು ಕಾಳಜಿ ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಮರುವಾರದ ಬುಧವಾರ ಏರಿ ಮಹಡಿ ಮುಟ್ಟಿತು. ದಾವಣಗೆರೆಯ ಅರ್ಧ ಊರು ಸೇರಿತ್ತು. ಹುಲಿಗೆಮ್ಮ ಕರುವನ್ನು ಎತ್ತಿಕೊಂಡು ಮುಂದೆ ನಡೆದಳು. ಗೌರಿ ಕಿಂಡಿಯಲ್ಲಿ ಕಾಣಿಸಿಕೊಂಡಳು. ಮೂಸಿ ನೋಡಿದಳು, ಒಂದು ಕಾಲಿಟ್ಟಳು, ಮತ್ತೊಂದು ಇಟ್ಟಳು, ಮಹಾರಾಣಿಯಂತೆ ಬಳುಕುತ್ತ ಬೀದಿಗೆ ಇಳಿದಳು! ಡೊಳ್ಳು ಬಾರಿಸಿದರು. ಹುಲಿಗೆಮ್ಮ ಆಕಳ ಕೊರಳು ತಬ್ಬಿ ಅತ್ತಳು. ನಾನೂ ತಬ್ಬಲು ಹೋದೆ. ಗೌರಿ ಹಿಂಗಾಲು ಎತ್ತಿದಳು.

ಮರುದಿನದಿಂದ ಮಣ್ಣು ತೆಗೆಯುವ ಕೆಲಸ. ಮೂರು ದಿನ ತೆಗೆದ ಖುದ್ದೂಸ್, ಗೋಡೆಯ ಬುಡದಲ್ಲಿ ಸೊಂಟದೆತ್ತರ ಉಳಿದಿರುವಾಗ ಸಲಿಕೆ ಇಟ್ಟ.

"ಯಾಕ ಮೇಸ್ತ್ರಿ, ನಿಲ್ಲಿಸಿದೆ?"

"ಇದು ಮಣ್ಣಲ್ಲ ಸಾಹೇಬ್ರೆ. ಕಲ್ಲು. ಗಾರೆ ಹಾಕಿ ಕಟ್ಟೀನಿ."

"ಏರಿಗೆ ಗಾರೆ ಯಾಕ?"

"ತಳ ಗಟ್ಟಿ ಇರ್ಲಿ ಅಂತ ಅಮ್ಮಾವ್ರು ಹೇಳಿದ್ರು. ಮ್ಯಾಲೆ ಕಡಪ ಕಲ್ಲು ಹಾಸು ಅಂದ್ರು. ಒರಗಾಕೆ ಗೋಡೆ ಕಡೆ ದಿಂಬು ಥರ ಎತ್ತರಿಸು ಅಂತಾನೂ ಅಂದ್ರು."

"ಆಕಳು ದಿಂಬಿಗೆ ಒರಗ್ತೈತೇನೋ?"

ಖುದ್ದೂಸ್ ಟೋಪಿ ಸರಿಮಾಡಿಕೊಂಡು ಆಕಾಶ ನೋಡಿದ. ಅಷ್ಟರಲ್ಲಿ ಮಂಗಳಾ ಪೊರಕೆ ಹಿಡಿದು ಬಂದು ಕಡಪ ಕಲ್ಲಿನ ಮೇಲಿನ ಮಣ್ಣು ಗುಡಿಸಿದಳು. ಹದಿನಾರು ಅಡಿ, ಮನೆಯ ಮುಂಭಾಗದ ಉದ್ದಕ್ಕೂ, ಬಾಗಿಲಿಗೆ ದಾರಿ ಬಿಟ್ಟು!

"ನಾನು ಬದುಕಿರೋತನಕ..." ಎಂದು ಶುರು ಮಾಡಿದೆ.

"ನೂರು ವರ್ಷ ಬದುಕ್ರಿ. ಇದು ಕಟ್ಟೆ ಅಲ್ಲ, ಏರಿ ಉಳಿದದ್ದು" ಎಂದು ಮಂಗಳಾ ಕೂತಳು. ಟ್ರಂಕು ಸಂಜೆಯೇ ಒಳಗೆ ಬಂತು. ಹೇಳಿದ ಹಾಗೆ ಮಾಡುವ ಹೆಂಗಸು!

ಈಗ ಎಲ್ಲರೂ ನಮ್ಮದನ್ನು 'ಆಕಳು ಇಳಿದ ಮನೆ' ಎನ್ನುತ್ತಾರೆ. ಅಂಚೆಯವನೂ ಹಾಗೇ ಕೇಳಿಕೊಂಡು ಬರುತ್ತಾನೆ. ಹೊಸದಾಗಿ ಹಿತ್ತಲ ಬಾಗಿಲು ಇಡಿಸಿದ್ದೇವೆ, ಗೋಡೆಗೆ ಕಿಟಕಿ ಬಿಡಿಸಿದ್ದೇವೆ. ಸಂಜೆ ಕಟ್ಟೆಯ ಮೇಲೆ ಮಂಗಳಾ, ಹುಲಿಗೆಮ್ಮ. ಒಂದು ಮೂಲೆಯಲ್ಲಿ, ಅವರು ಜಾಗ ಕೊಟ್ಟರೆ, ನಾನು.

ಮೊನ್ನೆ ಹಾಗೇ ಕೂತಿದ್ದಾಗ ಮಂಗಳಾ ಮಡಿಕೆ ಮಡಿಕೆಯಾದ ಹಳದಿ ಕಾಗದವೊಂದನ್ನು ತಂದು ನನ್ನ ಕೈಗಿಟ್ಟಳು. ದಪ್ಪ, ನುಣುಪು ಹಾಳೆ. ಘಮ್ಮೆಂದು ಅರಿಶಿನದ ವಾಸನೆ! ಬಿಡಿಸಿದೆ. ಅವೇ ಇಂಗ್ಲಿಷ್ ಮನೆಗಳು, ಹಿಂಭಾಗದ ಚಿತ್ರ. ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಅಗಲವಾದ ಬಾಗಿಲು, ಬಾಗಿಲ ಮುಂದೆ ಕಲ್ಲು ಮೆಟ್ಟಿಲು, ಅದರ ಮೇಲೆ ಕೂತು ಬಟಾಣಿ ಸುಲಿಯುತ್ತ ಪಕ್ಕದ ಮನೆಯವಳ ಜೊತೆ ಹರಟುತ್ತಿರುವ ದೊರೆಸಾನಿ!

"ಇದು... ಇದೆಲ್ಲಿತ್ತೇ?"

"ಅರಿಶಿನದ ಡಬ್ಬ್ಯಾಗ. ನೀವೇ ತಂದಿದ್ರಲ್ಲ, ಅವತ್ತು, ಅರಿಶಿನ ಅದರಾಗೇ ಕಟ್ಟಿಸ್ಕೊಂಡು."

"ಪುಸ್ತಕದಾಗ ಇದ್ರೆ ತಂದು ತೋರಿಸು ಅಂದಾಗ ಯಾಕ ತೋರಿಸ್ಲಿಲ್ಲ?"

"ತರಾಣ ಅಂತನೇ ಇದ್ದೆ. ಆಮ್ಯಾಲೆ ವಿಚಾರ ಮಾಡಿದೆ. ಹಿತ್ತಲ ಬಾಗಿಲು ಬಂದ್ರೆ ನಿಮ್ಮ ಮನೆ ಸರಿ ಹೋಗಿಬಿಡ್ತೈತೆ. ಸರಿ ಹೋದ ಮನೆಗೆ ನನ್ನ ಕಟ್ಟೆ ಹೆಂಗೆ ಬರಬೇಕು?"

ಹುಲಿಗೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮಂಗಳಾ ಮೊರದಲ್ಲಿ ಕಲ್ಲು ಹುಡುಕುತ್ತ, ತಲೆ ಎತ್ತದೆ ಕೇಳಿದಳು:

"ಬೆಲ್ಲದ ಡಬ್ಬ್ಯಾಗ ಇನ್ನೊಂದು ಹಾಳಿ ಐತೆ. ಈಗಲೇ ಕೊಡ್ಲಾ, ಇನ್ನೊಂದು ಮನೆ ಕಟ್ಟಿಸಿದ ಮ್ಯಾಲೆ ಕೊಡ್ಲಾ?"